ಅಪ್‌ಡೇಟ್ ಸುದ್ದಿ ತಾನಾಗಿಯೇ ಬರುವಂತೆ ಮಾಡುವುದು ಹೇಗೆ?

ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: ನಮ್ಮ ತಂಡ ಸುಮಾರು 40 ತಂತ್ರಾಂಶಗಳನ್ನು ಬಳಸುತ್ತದೆ. ಡೇಟಾಬೇಸ್, ಪೈಥಾನ್ ಲೈಬ್ರರಿಗಳು, ಡಾಕರ್ ಇಮೇಜ್‌ಗಳು (ಓಡಲು ಬೇಕಾದುದೆಲ್ಲವನ್ನೂ ಸೇರಿಸಿ ಕಟ್ಟಿಟ್ಟ ತಂತ್ರಾಂಶದ ಪೊಟ್ಟಣಗಳು) ಎಲ್ಲವೂ ಇವೆ. ಪ್ರತಿ ಸೋಮವಾರ ಒಬ್ಬರು ಕೂತು ಒಂದೊಂದೇ ವೆಬ್‌ಸೈಟ್ ತೆರೆದು ಹೊಸ ವರ್ಷನ್ ಬಂದಿದೆಯೇ ಎಂದು ನೋಡುತ್ತಾರೆ. ಈ ಕೆಲಸ ತಾನಾಗಿಯೇ ನಡೆಯುವಂತೆ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ಬಹುಪಾಲು ತಂತ್ರಾಂಶಗಳಿಗೆ ಒಂದು ಸಾಲು ಕೋಡ್ ಕೂಡ ಬೇಕಾಗುವುದಿಲ್ಲ. ಆದರೆ ಮೊದಲು ಪಟ್ಟಿ ಮಾಡಿ. ಒಂದು ಸ್ಪ್ರೆಡ್‌ಶೀಟಿನಲ್ಲಿ ತಂತ್ರಾಂಶದ ಹೆಸರು, ಈಗ ನಿಮ್ಮಲ್ಲಿ ಓಡುತ್ತಿರುವ ವರ್ಷನ್, ಹೊಸ ವರ್ಷನ್ನಿನ ಸುದ್ದಿ ಸಿಗುವ ಜಾಗ, ಅದಕ್ಕೆ ಹೊಣೆಯಾದವರು, ಇಷ್ಟಿರಲಿ. ಎರಡನೇ ಕಾಲಂ ತುಂಬಿಸುವುದೇ ಕಷ್ಟ, ಆದರೆ ಅದನ್ನು ಬಿಡಬೇಡಿ. ಈಗ ಏನು ಓಡುತ್ತಿದೆ ಎಂಬುದೇ ತಿಳಿಯದಿದ್ದರೆ, ಬಂದ ಸುದ್ದಿ ನಮಗೆ ಸಂಬಂಧಿಸಿದ್ದೋ ಅಲ್ಲವೋ ಎಂದು ಹೇಳಲಾಗುವುದಿಲ್ಲ.

ಮೂರನೇ ಕಾಲಂಗೆ ಮೊದಲು ಫೀಡ್ ಹುಡುಕಿ, ಅಂದರೆ ಹೊಸ ಸುದ್ದಿಗಳನ್ನು ಬೇರೆ ತಂತ್ರಾಂಶಗಳು ಓದಬಲ್ಲಂತೆ ಕೊಡುವ ಪಟ್ಟಿ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿರುವ ಯಾವ ಸಾರ್ವಜನಿಕ ಯೋಜನೆಗಾದರೂ, ಅದರ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ರಿಲೀಸಸ್ ಡಾಟ್ ಆಟಮ್’ ಎಂದು ಸೇರಿಸಿದರೆ ಫೀಡ್ ಸಿಗುತ್ತದೆ. ಕೆಲವು ಯೋಜನೆಗಳವರು ರಿಲೀಸ್ ಪುಟ ಬರೆಯುವುದೇ ಇಲ್ಲ, ಬರೀ ಟ್ಯಾಗ್ (ವರ್ಷನ್ನಿನ ಹೆಸರಿನ ಗುರುತು) ಹಾಕಿ ಮುಗಿಸುತ್ತಾರೆ. ಅಲ್ಲಿ ‘ಟ್ಯಾಗ್ಸ್ ಡಾಟ್ ಆಟಮ್’ ಬಳಸಿ. ಪೈಥಾನ್ ಲೈಬ್ರರಿಗಳಿಗೆ ಪೈಪಿಐ ತಾಣವೇ ಪ್ರತಿ ಪ್ಯಾಕೇಜಿಗೂ ಆರ್‌ಎಸ್‌ಎಸ್ ಎಂಬ ಬಗೆಯ ಫೀಡ್ ಕೊಡುತ್ತದೆ. ಇವನ್ನೆಲ್ಲ ಒಂದು ಫೀಡ್ ರೀಡರ್‌ಗೆ ಹಾಕಿ, ಅಲ್ಲಿಂದ ತಂಡದ ಚಾಟ್‌ಗೆ ಕಳುಹಿಸುವಂತೆ ಜೋಡಿಸಿದರೆ ಸೋಮವಾರದ ಕೆಲಸದ ಬಹುಭಾಗ ಅಲ್ಲಿಗೇ ಮುಗಿಯಿತು.

ನಿಮ್ಮದೇ ಕೋಡ್ ಅವಲಂಬಿಸಿರುವ ಲೈಬ್ರರಿಗಳಿಗೆ ಡಿಪೆಂಡಾಬಾಟ್ ಅಥವಾ ರೆನೊವೇಟ್ ಹಾಕಿ. ಇವು ಹೊಸ ವರ್ಷನ್ ಕಂಡೊಡನೆ ಪುಲ್ ರಿಕ್ವೆಸ್ಟ್ (ಈ ಬದಲಾವಣೆಯನ್ನು ಕೋಡ್‌ಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆಯುತ್ತವೆ, ರಿಲೀಸ್ ನೋಟ್ಸ್ (ಏನೇನು ಬದಲಾಗಿದೆ ಎಂಬ ಟಿಪ್ಪಣಿ) ಸಿಕ್ಕರೆ ಅದರೊಳಗೇ ಅಂಟಿಸುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. ಡಿಪೆಂಡಾಬಾಟ್‌ನಲ್ಲಿ ವರ್ಷನ್ ಅಪ್‌ಡೇಟ್‌ಗಳಿಗೆ ಒಮ್ಮೆಗೆ 5 ಪುಲ್ ರಿಕ್ವೆಸ್ಟ್‌ಗಳಷ್ಟೇ ತೆರೆದಿರಬಹುದು ಎಂಬ ಮಿತಿ ಮೊದಲೇ ಇರುತ್ತದೆ. ಹಳೆಯ ಐದನ್ನು ಮುಗಿಸದೆ ಬಿಟ್ಟರೆ ಆರನೆಯದು ಕಾಣಿಸುವುದೇ ಇಲ್ಲ. ಆಗ ‘ಬೇರೇನೂ ಬಂದಿಲ್ಲ’ ಎಂದು ತಂಡ ನಂಬಿಬಿಡುತ್ತದೆ. ಸೆಟ್ಟಿಂಗ್ ಫೈಲಿನಲ್ಲಿ ಮಿತಿ ಏರಿಸಿ, ಇಲ್ಲವೇ ಸಣ್ಣ ಅಪ್‌ಡೇಟ್‌ಗಳನ್ನು ಒಂದೇ ಗುಂಪಾಗಿ ತರುವಂತೆ ಹೇಳಿ.

ಡಾಕರ್ ಇಮೇಜ್‌ಗಳ ವಿಷಯ ಬೇರೆ. ‘ಲೇಟೆಸ್ಟ್’ ಎಂಬ ಟ್ಯಾಗ್ ಅದೇ ಹೆಸರಿನಲ್ಲಿ ಉಳಿದು, ಒಳಗಿನ ಸರಕು ಬದಲಾಗುತ್ತದೆ. ಹೆಸರನ್ನು ನೋಡುತ್ತಿದ್ದರೆ ಏನೂ ತಿಳಿಯದು. ಡೈಜೆಸ್ಟ್ ಎಂಬ ಉದ್ದನೆಯ ಗುರುತನ್ನು ಹೋಲಿಸಬೇಕು. ಡಿಯುನ್ ಎಂಬ ಉಚಿತ ಉಪಕರಣ ಇದನ್ನೇ ಮಾಡುತ್ತದೆ.

ಇನ್ನೊಂದು ಬಗೆಯ ಸುದ್ದಿಯನ್ನು ರಿಲೀಸ್ ಫೀಡ್ ಕೊಡುವುದೇ ಇಲ್ಲ: ಬೆಂಬಲ ನಿಲ್ಲುವ ದಿನ. ಪೈಥಾನ್ 3.9ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ಮುಗಿಯಿತು. ಇಂಥ ದಿನಗಳಲ್ಲಿ ಹೊಸದೇನೂ ಬರುವುದಿಲ್ಲ, ಆದ್ದರಿಂದ ಸೂಚನೆಯೂ ಬರುವುದಿಲ್ಲ. ‘ಎಂಡ್ ಆಫ್ ಲೈಫ್ ಡಾಟ್ ಡೇಟ್’ ತಾಣ ನೂರಾರು ತಂತ್ರಾಂಶಗಳ ಈ ದಿನಾಂಕಗಳನ್ನು ಎಪಿಐ (ಸ್ಕ್ರಿಪ್ಟ್‌ಗಳು ನೇರವಾಗಿ ಮಾಹಿತಿ ಕೇಳಿ ಪಡೆಯುವ ದಾರಿ) ಮೂಲಕವೂ ಕೊಡುತ್ತದೆ. ನಿಮ್ಮ ಪಟ್ಟಿಗೆ ಐದನೇ ಕಾಲಂ ಸೇರಿಸಿ, ಆರು ತಿಂಗಳು ಮೊದಲೇ ಎಚ್ಚರಿಸುವಂತೆ ಮಾಡಿಕೊಳ್ಳಿ.

ಪ್ರಶ್ನೆ: ನಾನೇ ಒಂದು ಸ್ಕ್ರಿಪ್ಟ್ ಬರೆದೆ. 3.9 ಇದ್ದಾಗ 3.10 ಬಂದರೆ ‘ಹೊಸದಿಲ್ಲ’ ಎನ್ನುತ್ತದೆ. ಒಮ್ಮೊಮ್ಮೆ ಹಳೆಯ ವರ್ಷನ್ನನ್ನೇ ಹೊಸದೆಂದು ಹೇಳುತ್ತದೆ. ಈಗ ಕೆಲವು ವಾರಗಳಿಂದ ಏನೂ ಹೇಳುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಮೂರೂ ಬೇರೆ ಬೇರೆ ತಪ್ಪುಗಳು, ಒಂದೊಂದಾಗಿ ನೋಡೋಣ.

ಮೊದಲನೆಯದು ಹೋಲಿಕೆಯದು. ಸ್ಕ್ರಿಪ್ಟ್ ವರ್ಷನ್ನನ್ನು ಅಕ್ಷರಗಳಾಗಿ ಓದುತ್ತಿದೆ. ಚುಕ್ಕೆಯ ನಂತರದ ಮೊದಲ ಅಕ್ಷರ ಒಂದು ಕಡೆ 9, ಇನ್ನೊಂದು ಕಡೆ 1. ಒಂಬತ್ತು ದೊಡ್ಡದು, ಅಲ್ಲಿಗೆ ತೀರ್ಪು ಮುಗಿಯಿತು. ಚುಕ್ಕೆಗಳಲ್ಲಿ ಒಡೆದು ಪ್ರತಿ ಭಾಗವನ್ನೂ ಸಂಖ್ಯೆಯಾಗಿ ಹೋಲಿಸಬೇಕು. ಪೈಥಾನ್‌ನಲ್ಲಾದರೆ ಇದನ್ನು ಕೈಯಲ್ಲಿ ಬರೆಯಲು ಹೋಗದೆ ‘ಪ್ಯಾಕೇಜಿಂಗ್’ ಲೈಬ್ರರಿಯ ವರ್ಷನ್ ಭಾಗವನ್ನು ಬಳಸಿ. ‘2.0 ಆರ್‌ಸಿ1’ ಎಂಬ ಪರೀಕ್ಷಾ ಆವೃತ್ತಿ 2.0ಕ್ಕಿಂತ ಹಿಂದಿನದು ಎಂಬುದೂ ಅದಕ್ಕೆ ಗೊತ್ತು. ಲಿನಕ್ಸ್‌ನ ‘ಸಾರ್ಟ್’ ಆದೇಶಕ್ಕೂ ವರ್ಷನ್ ಪ್ರಕಾರ ಜೋಡಿಸುವ ಆಯ್ಕೆ ಇದೆ, ಆದರೆ ನಡುಗೆರೆ ಹಾಕಿ ಆರ್‌ಸಿ ಎಂದು ಬರೆದದ್ದನ್ನು ಅದು 2.0ರ ನಂತರಕ್ಕೆ ತಳ್ಳುತ್ತದೆ. ಇಲ್ಲಿ ಮೋಸ ಹೋಗಬೇಡಿ.

ಎರಡನೆಯದು, ಫೀಡಿನ ತುದಿಯಲ್ಲಿರುವುದೇ ಅತಿ ಹೊಸ ವರ್ಷನ್ ಎಂದು ನಂಬಿದ್ದು. ಫೀಡ್ ಜೋಡಿಸುವುದು ತಾರೀಖಿನಿಂದ. ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ನೋಡಿ: ಪ್ರತಿ ಮುಖ್ಯ ವರ್ಷನ್ನಿಗೆ 5 ವರ್ಷ ಬೆಂಬಲ ಇರುವುದರಿಂದ ಒಂದೇ ದಿನ ಹಲವು ಶಾಖೆಗಳಿಗೆ ತಿದ್ದುಪಡಿ ಬರುತ್ತದೆ. ಹಳೆಯ ಶಾಖೆಯ ತಿದ್ದುಪಡಿ ಮೇಲೆ ಕೂತರೆ ನಿಮ್ಮ ಸ್ಕ್ರಿಪ್ಟ್ ಅದನ್ನೇ ಹೊಸದೆಂದು ಸಾರುತ್ತದೆ. ಆದ್ದರಿಂದ ನೀವು ಬಳಸುವ ಶಾಖೆಯನ್ನು ಮೊದಲು ಸೋಸಿ, ಅದರೊಳಗೆ ದೊಡ್ಡದನ್ನು ಹುಡುಕಿ. ಈಗಾಗಲೇ ತಿಳಿಸಿದ ನಮೂದುಗಳ ಐಡಿಗಳನ್ನು ಒಂದು ಫೈಲಿನಲ್ಲಿ ಬರೆದಿಡಿ. ಶೀರ್ಷಿಕೆಯನ್ನಲ್ಲ, ಏಕೆಂದರೆ ಶೀರ್ಷಿಕೆ ಆಮೇಲೆ ತಿದ್ದುಪಡಿಯಾಗಬಹುದು. ಮೊದಲ ಸಲ ಓಡಿಸುವಾಗ ಏನನ್ನೂ ಕಳುಹಿಸದೆ ಬರೀ ದಾಖಲಿಸಿಕೊಳ್ಳಲಿ.

ಮೂರನೆಯದೇ ನಿಜವಾದ ಅಪಾಯ. ಗಿಟ್‌ಹಬ್ ಎಪಿಐ ಲಾಗಿನ್ ಇಲ್ಲದೆ ಕೇಳಿದರೆ ಒಂದು ಐಪಿ ವಿಳಾಸಕ್ಕೆ ಗಂಟೆಗೆ 60 ಸಲ ಮಾತ್ರ ಉತ್ತರಿಸುತ್ತದೆ. ಟೋಕನ್ (ನಿಮ್ಮ ಖಾತೆಯ ಗುರುತಿನ ಕೀಲಿ) ಕೊಟ್ಟರೆ ಸಾಮಾನ್ಯವಾಗಿ 5,000 ಸಲ. ಮಿತಿ ಮೀರಿದಾಗ ಬಂದ ದೋಷವನ್ನು ಸ್ಕ್ರಿಪ್ಟ್ ‘ಹೊಸದಿಲ್ಲ’ ಎಂದು ಓದಿಕೊಂಡಿರಬಹುದು. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ (ಸ್ಕ್ರಿಪ್ಟ್‌ಗಳನ್ನು ತಾನಾಗಿಯೇ ಓಡಿಸುವ ಗಿಟ್‌ಹಬ್ ಸೇವೆ) ವೇಳಾಪಟ್ಟಿ ಹಾಕಿದ್ದರೆ ಇನ್ನೊಂದು ಕಾರಣವೂ ಇದೆ: ಸಾರ್ವಜನಿಕ ರೆಪಾಸಿಟರಿಯಲ್ಲಿ (ಕೋಡ್ ಸಂಗ್ರಹದಲ್ಲಿ) 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಅದು ವೇಳಾಪಟ್ಟಿಯನ್ನೇ ನಿಲ್ಲಿಸುತ್ತದೆ. ಎರಡೂ ಸಂದರ್ಭದಲ್ಲಿ ಸ್ಕ್ರಿಪ್ಟಿನಿಂದ ಸಿಗುವುದು ಬರೀ ಮೌನ. ಅದಕ್ಕೇ ವಾರಕ್ಕೊಂದು ಸಂದೇಶ ಬರಲಿ: ‘40ರಲ್ಲಿ 38 ನೋಡಿದೆ, 2 ಸಿಗಲಿಲ್ಲ.’ ಆ ಸಂದೇಶ ಬಾರದ ವಾರ ಸ್ಕ್ರಿಪ್ಟ್ ಸತ್ತಿದೆ ಎಂದು ತಿಳಿಯಿರಿ.

ಪ್ರಶ್ನೆ: ಒಂದು ಕಂಪನಿಯ ರಿಲೀಸ್ ನೋಟ್ಸ್ ಪುಟಕ್ಕೆ ಫೀಡ್ ಇಲ್ಲ. ಪುಟ ಬದಲಾದರೆ ತಿಳಿಸುವ ಸೇವೆ ಹಾಕಿದೆ. ದಿನಾ ‘ಬದಲಾಗಿದೆ’ ಎನ್ನುತ್ತದೆ, ನೋಡಿದರೆ ಏನೂ ಇಲ್ಲ.

ಉತ್ತರ: ಇಡೀ ಪುಟವನ್ನು ಕಾಯುತ್ತಿದ್ದೀರಿ. ಕುಕಿಗೆ ಒಪ್ಪಿಗೆ ಕೇಳುವ ಪಟ್ಟಿ, ಜಾಹೀರಾತು, ಪುಟದ ತಳದಲ್ಲಿರುವ ವರ್ಷ, ಯಾವುದು ಬದಲಾದರೂ ಗಂಟೆ ಬಾರಿಸುತ್ತದೆ. ಬ್ರೌಸರಿನಲ್ಲಿ ವರ್ಷನ್ ಸಂಖ್ಯೆಯ ಮೇಲೆ ಬಲ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ, ಆ ಶೀರ್ಷಿಕೆಯ ಸಿಎಸ್‌ಎಸ್ ಸೆಲೆಕ್ಟರ್ (ಪುಟದೊಳಗೆ ಅದನ್ನು ಗುರುತಿಸುವ ವಿಳಾಸ) ತೆಗೆದುಕೊಂಡು ಅದನ್ನಷ್ಟೇ ಕಾಯಲು ಹೇಳಿ. ಚೇಂಜ್‌ಡಿಟೆಕ್ಷನ್ ಎಂಬ ಮುಕ್ತ ತಂತ್ರಾಂಶದಲ್ಲಿ ಇದಕ್ಕೆ ಜಾಗ ಇದೆ. ಸೆಲೆಕ್ಟರ್‌ಗೆ ಏನೂ ಸಿಗದಿದ್ದರೆ ಅದನ್ನು ದೋಷವೆಂದೇ ತಿಳಿಸಬೇಕು; ಪುಟದ ವಿನ್ಯಾಸ ಬದಲಾದ ದಿನ ಅದೊಂದೇ ಸುಳಿವು. ಪುಟ ಜಾವಾಸ್ಕ್ರಿಪ್ಟ್‌ನಿಂದ ತುಂಬುವಂಥದ್ದಾದರೆ ಬ್ರೌಸರಿನ ಅದೇ ‘ಇನ್‌ಸ್ಪೆಕ್ಟ್’ ಕಿಟಕಿಯ ‘ನೆಟ್‌ವರ್ಕ್’ ಟ್ಯಾಬ್ ತೆರೆದು ನೋಡಿ. ಎಷ್ಟೋ ಸಲ ಹಿಂದೆ ಮಾಹಿತಿಯಷ್ಟೇ ಇರುವ ಒಂದು ಜೇಸನ್ ಫೈಲ್ ಇರುತ್ತದೆ, ಪುಟಕ್ಕಿಂತ ಅದು ಎಷ್ಟೋ ಸ್ಥಿರ. ದಿನಕ್ಕೆ ಎರಡು ಸಲ ನೋಡಿದರೆ ಸಾಕು, ಅವರ ಸರ್ವರನ್ನು ಪೀಡಿಸಬೇಡಿ.

ಪ್ರಶ್ನೆ: ಫೋನ್ ಆ್ಯಪ್‌ಗಳ ಅಪ್‌ಡೇಟ್ ಟಿಪ್ಪಣಿಗಳನ್ನೂ ಹೀಗೆ ತರಿಸಿಕೊಳ್ಳಬಹುದೇ?

ಉತ್ತರ: ಆ್ಯಪಲ್ ಆ್ಯಪ್ ಸ್ಟೋರ್‌ಗಾದರೆ ಸುಲಭ. ಐಟ್ಯೂನ್ಸ್ ಲುಕಪ್ ಎಪಿಐಗೆ ಆ್ಯಪ್‌ನ ಐಡಿ ಕೊಟ್ಟರೆ ವರ್ಷನ್, ತಾರೀಖು, ಟಿಪ್ಪಣಿ ಮೂರೂ ಬರುತ್ತವೆ. ಆಂಡ್ರಾಯ್ಡ್‌ನಲ್ಲಿ ಹೊಸ ವರ್ಷನ್ ಹಂತಹಂತವಾಗಿ ಬಿಡುಗಡೆಯಾಗಬಹುದು, ಟಿಪ್ಪಣಿ ಓದಿದ ದಿನವೇ ನಿಮ್ಮ ಫೋನಿಗೆ ಬರಬೇಕೆಂದಿಲ್ಲ.

ಪ್ರಶ್ನೆ: ಎಲ್ಲ ಜೋಡಿಸಿದೆವು. ಈಗ ಸಂದೇಶಗಳು ಎಷ್ಟು ಬರುತ್ತವೆ ಎಂದರೆ ಯಾರೂ ಓದುವುದಿಲ್ಲ. ಎಐನಿಂದ ಸಾರಾಂಶ ಮಾಡಿಸೋಣವೇ? ಅಥವಾ ಎಲ್ಲವನ್ನೂ ತಾನಾಗಿಯೇ ಇನ್‌ಸ್ಟಾಲ್ ಆಗುವಂತೆ ಬಿಟ್ಟರೆ ಹೇಗೆ?

ಉತ್ತರ: ಮೊದಲು ಎರಡು ದಾರಿ ಮಾಡಿ. ‘ಸೆಕ್ಯೂರಿಟಿ’, ‘ಸಿವಿಇ’ (ಬಯಲಾದ ಭದ್ರತಾ ದೋಷಗಳಿಗೆ ಕೊಡುವ ಗುರುತು), ‘ಬ್ರೇಕಿಂಗ್’, ‘ಡೆಪ್ರಿಕೇಟೆಡ್’, ‘ರಿಮೂವ್ಡ್’ ಎಂಬ ಪದಗಳಿರುವ ಟಿಪ್ಪಣಿ, ಜೊತೆಗೆ ವರ್ಷನ್ನಿನ ಮೊದಲ ಅಂಕಿ ಬದಲಾದ ಬಿಡುಗಡೆ, ಇವು ತಕ್ಷಣ ಹೊಣೆಯಾದವರ ಹೆಸರಿಗೇ ಹೋಗಲಿ. ಮಿಕ್ಕದ್ದೆಲ್ಲ ವಾರಕ್ಕೊಂದೇ ಪಟ್ಟಿ. ಮೊದಲ ಅಂಕಿ ಸೊನ್ನೆ ಇರುವ ತಂತ್ರಾಂಶಗಳಲ್ಲಿ ಯಾವಾಗ ಏನು ಬೇಕಾದರೂ ಬದಲಾಗಬಹುದು, ಅಲ್ಲಿ ಎರಡನೇ ಅಂಕಿಯನ್ನೂ ದೊಡ್ಡ ಬದಲಾವಣೆ ಎಂದೇ ಎಣಿಸಿ.

ಸಾರಾಂಶ ಮಾಡಿಸಬಹುದು, ಆದರೆ ‘ತೆಗೆದುಹಾಕಿದ್ದು, ಹೆಸರು ಬದಲಾದದ್ದು, ಡೀಫಾಲ್ಟ್ ಬದಲಾದದ್ದು’ ಇವನ್ನು ಮೂಲದ ಮಾತಿನಲ್ಲೇ ಉಳಿಸಲು ಹೇಳಿ, ಮೂಲದ ಕೊಂಡಿ ಕಡ್ಡಾಯವಾಗಿರಲಿ. ಉದ್ದನೆಯ ಟಿಪ್ಪಣಿಯಲ್ಲಿ ನಿಮ್ಮ ಸಿಸ್ಟಮ್ ಮುರಿಯುವ ಸಾಲು ಸಾಮಾನ್ಯವಾಗಿ ಒಂದೇ ಒಂದು. ಸಾರಾಂಶದಲ್ಲಿ ಕಳೆದುಹೋಗುವುದೂ ಅದೇ.

ಒಮ್ಮೆ ಅಪ್‌ಡೇಟ್ ಮಾಡಿದೆವೆಂದು ಆ ವಿಷಯದ ಸೂಚನೆ ಆರಿಸಬೇಡಿ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯ ದೊಡ್ಡ ದೋಷಕ್ಕೆ 2.15.0 ಬಂತು. ಆ ತಿದ್ದುಪಡಿ ಪೂರ್ತಿಯಾಗಿರಲಿಲ್ಲ. ಅದೇ ತಿಂಗಳಲ್ಲಿ 2.16.0, 2.17.0, 2.17.1 ಬಂದವು. ಮೊದಲನೆಯದಕ್ಕೇ ನಿಂತವರು ಬಾಗಿಲು ಅರ್ಧ ಮುಚ್ಚಿ ಮಲಗಿದಂತಾಯಿತು.

ಎಲ್ಲವೂ ತಾನಾಗಿಯೇ ಇನ್‌ಸ್ಟಾಲ್ ಆಗಲಿ ಎಂಬುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಫೈಲ್ ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಯುಟಿಲ್ಸ್‌ನ 5.6.0 ಮತ್ತು 5.6.1ರಲ್ಲಿ ಬೇಕೆಂದೇ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಡಲಾಗಿತ್ತು. ಅದು ಬಯಲಾದದ್ದು 2024ರ ಮಾರ್ಚ್ 29ರಂದು. ಹೊಸದನ್ನು ಬಂದ ಕೂಡಲೇ ಎಳೆದುಕೊಳ್ಳುವ ವ್ಯವಸ್ಥೆಗಳೇ ಆಗ ಅಪಾಯಕ್ಕೆ ಹತ್ತಿರವಿದ್ದವು. ಸಾಮಾನ್ಯ ಬಿಡುಗಡೆಗಳನ್ನು ಒಂದು ವಾರ ಹಣ್ಣಾಗಲು ಬಿಡಿ. ರೆನೊವೇಟ್‌ನಲ್ಲಿ ಇದಕ್ಕೆ ‘ಮಿನಿಮಮ್ ರಿಲೀಸ್ ಏಜ್’ ಎಂಬ ಸೆಟ್ಟಿಂಗ್ ಇದೆ, 7 ದಿನ ಎಂದು ಕೊಡಿ. ಭದ್ರತಾ ತಿದ್ದುಪಡಿಗಳಿಗೆ ಈ ಕಾಯುವಿಕೆ ಬೇಡ. ಅವನ್ನು ಬಂದ ದಿನವೇ ಪರೀಕ್ಷಾ ಸರ್ವರಿಗೆ ಹಾಕಿ ನೋಡಿ, ಸರಿ ಕಂಡರೆ ಮುಖ್ಯ ಸರ್ವರಿಗೆ ಏರಿಸಿ.