ಸಬ್ಬಕ್ಕಿಯಲ್ಲಿ ಗೋಧಿ ಇಲ್ಲ, ಆದರೆ ಸೌಟಿನಲ್ಲಿ ಇರಬಹುದು

ನೀವು ಕೇಳಿದ್ದು ಇಷ್ಟು: ಮಗಳಿಗೆ ಸೀಲಿಯಾಕ್ (ಗೋಧಿಯಂಥ ಕಾಳಿನಲ್ಲಿರೋ ಗ್ಲುಟನ್ ಅನ್ನೋ ಪ್ರೋಟೀನ್ ಕರುಳಿಗೆ ಆಗದ ಕಾಯಿಲೆ) ಅಂತ ಗೊತ್ತಾಗಿದೆ, ಅತ್ತೆಗೆ ಶುಗರ್, ಹಬ್ಬಕ್ಕೆ ಬರುವ ನಾದಿನಿ ಹಾಲು ಮುಟ್ಟಲ್ಲ, ಸಬ್ಬಕ್ಕಿ ಪಾಯಸ ಮಾಡಿದರೆ ಎಲ್ಲರಿಗೂ ಆಗುತ್ತಾ? ಮಗಳಿಗೆ ಆಗುತ್ತೆ. ನಾದಿನಿಗೂ ಆಗುವಂತೆ ಮಾಡಬಹುದು. ಅತ್ತೆಗೆ ಕಷ್ಟ.

ಹೆಸರಲ್ಲಿ ಅಕ್ಕಿ ಇದ್ದರೂ ಸಬ್ಬಕ್ಕಿ ಅಕ್ಕಿಯಲ್ಲ, ಕೆಲವರು ಅಂದುಕೊಂಡ ಹಾಗೆ ಮೈದಾ ಗುಳಿಗೆಯೂ ಅಲ್ಲ. ಮರಗೆಣಸನ್ನು ಅರೆದು ಹಿಂಡಿ, ಆ ಹಾಲು ತಳದಲ್ಲಿ ಕೂತ ಮೇಲೆ ಸಿಗುವ ಹಿಟ್ಟನ್ನು ಕಾಳು ಮಾಡಿ, ಹುರಿದು ಒಣಗಿಸುತ್ತಾರೆ. ಬಹಳಷ್ಟು ಬರೋದು ತಮಿಳುನಾಡಿನ ಸೇಲಂ ಕಡೆಯಿಂದ. ಗ್ಲುಟನ್ ಇರೋದು ಗೋಧಿ, ಜವೆ, ರೈ ಕಾಳುಗಳಲ್ಲಿ. ಗೆಡ್ಡೆಯಲ್ಲಿ ಎಲ್ಲಿಂದ ಬರಬೇಕು?

ಎಡವಟ್ಟಾಗೋದು ನಮ್ಮ ಅಡುಗೆಮನೆಯಲ್ಲೇ. ನಾನಿರೋದು ಗೋವಾದ ವಾಸ್ಕೋದಲ್ಲಿ, ಊರು ಗದಗ ಕಡೆ. ಅಕ್ಕನ ಮಗನಿಗೂ ಇದೇ ತೊಂದರೆ. ಅವನು ಬಂದಾಗ ದೊಡ್ಡದಾಗಿ "ಇದರಲ್ಲಿ ಗೋಧಿ ಇಲ್ಲ, ಹೊಟ್ಟೆ ತುಂಬ ತಿನ್ನೋ" ಅಂತ ಬಟ್ಟಲು ಕೊಟ್ಟೆ. ಹುಡುಗ ಚಮಚ ಎತ್ತಿ ಬೆಳಕಿಗೆ ಹಿಡಿದು, "ಚಿಕ್ಕಮ್ಮ, ಈ ದಾರ ಏನು?" ಅಂದ. ನೋಡಿದರೆ ಶ್ಯಾವಿಗೆ! ಬರೀ ಸಬ್ಬಕ್ಕಿ ಹಾಕಿದರೆ ಪಾಯಸ ಅಂಟಂಟಾಗುತ್ತೆ ಅಂತ ನಮ್ಮಮ್ಮ ಎಂದಿನಂತೆ ಒಂದು ಹಿಡಿ ಉದುರಿಸಿದ್ದರು. ಅಮ್ಮನನ್ನು ಬೈಯೋಕೂ ಆಗಲ್ಲ, ನಲವತ್ತು ವರ್ಷದ ರೂಢಿ ಅಲ್ವಾ. ಅಷ್ಟೂ ಪಾಯಸ ನಾವೇ ದೊಡ್ಡವರು ತಿಂದೆವು, ಅವನಿಗೆ ಬಾಳೆಹಣ್ಣು.

ಹಾಗಾಗಿ ಶ್ಯಾವಿಗೆ ಬೇಡ, ರವೆ ಹುರಿದ ಬಾಣಲೆಯ ತುಪ್ಪದಲ್ಲಿ ಗೋಡಂಬಿ ಹುರಿಯೋದೂ ಬೇಡ. ಸಬ್ಬಕ್ಕಿಯನ್ನು ಚೀಲದಿಂದ ತೂಗಿಸಿ ತರಬೇಡಿ, ಕಿರಾಣಿ ಅಂಗಡಿಯಲ್ಲಿ ರವೆಗೆ ಹಾಕಿದ ಸೇರನ್ನೇ ಅದಕ್ಕೂ ಹಾಕ್ತಾರೆ. ಗ್ಲುಟನ್ ಫ್ರೀ ಅಂತ ಬರೆದ ಪ್ಯಾಕೆಟ್ಟೇ ತನ್ನಿ. ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟನ್ ಇರಬಾರದು ಅನ್ನೋ ನಿಯಮ ಇದೆ. ಪಾಯಸದ ಮಾತಲ್ಲ, ಆದರೂ ಹೇಳ್ತೀನಿ: ಇಂಗಿನ ಡಬ್ಬಿಯ ಹಿಂದೆ ಓದಿ, ಎಷ್ಟೋ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ.

ನಾದಿನಿಗೆ ಗೋವಾದ ಮಣಗಣೆ ಮಾಡಿ. ಕಡಲೆಬೇಳೆ ಬೇಯಿಸಿ, ನೆನೆಸಿದ ಸಬ್ಬಕ್ಕಿ ಹಾಕಿ, ಕಾಳಿನ ನಡುವಿನ ಬಿಳಿ ಚುಕ್ಕೆ ಹೋಗಿ ಗಾಜಿನ ಹಾಗೆ ಆದ ಮೇಲೆ ಬೆಲ್ಲ, ಕೊನೆಗೆ ಗಟ್ಟಿ ತೆಂಗಿನ ಹಾಲು, ಏಲಕ್ಕಿ. ಹಾಲೂ ಇಲ್ಲ, ತುಪ್ಪವೂ ಬೇಕಿಲ್ಲ. ನಮ್ಮ ಪಕ್ಕದ ಮನೆಯವರು ಕಲಿಸಿದ್ದು, ಈಗ ನಮ್ಮಲ್ಲಿ ಹಾಲಿನ ಪಾಯಸವನ್ನು ಯಾರೂ ಕೇಳಲ್ಲ. ಬೆಲ್ಲ ಹಾಕಿದರೆ ಹಾಲು ಒಡೆಯುತ್ತೆ ಅನ್ನೋ ಭಯವೂ ಇಲ್ಲ. ತೆಂಗಿನ ಹಾಲು ಹಾಕಿದ ಮೇಲೆ ಮಾತ್ರ ಕುದಿಸಬೇಡಿ.

ಅತ್ತೆಯ ವಿಷಯ. ಉಪವಾಸಕ್ಕೆ ತಿನ್ನೋದು, ಹಗುರ, ಅಂತ ಅವರು ವಾದ ಮಾಡಬಹುದು. ನಮ್ಮ ಮಾವನೂ ಪ್ರತಿ ಸಂಕಷ್ಟಿಗೆ ಅದನ್ನೇ ಹೇಳ್ತಾರೆ. 100 ಗ್ರಾಂ ಒಣ ಸಬ್ಬಕ್ಕಿಯಲ್ಲಿ ಹತ್ತಿರ ಹತ್ತಿರ 87 ಗ್ರಾಂ ಕಾರ್ಬೋಹೈಡ್ರೇಟ್, ಪ್ರೋಟೀನ್ 1 ಗ್ರಾಂ ಕೂಡ ಇಲ್ಲ, ನಾರು ಇಲ್ಲವೆಂದೇ ಹೇಳಬೇಕು. ಬೇಗ ಕರಗಿ ಶುಗರ್ ಏರಿಸುತ್ತೆ. ಸಕ್ಕರೆ ಬದಲು ಬೆಲ್ಲ ಹಾಕಿದೆ ಅನ್ನೋದು ಸುಮ್ನೆ ಸಮಾಧಾನ. ಹಬ್ಬದ ದಿನ ಎರಡು ಚಮಚ ಕೊಡಿ, ಅದೂ ಊಟದಲ್ಲಿ ಅನ್ನ ಕಡಿಮೆ ಮಾಡಿ. ಅದಕ್ಕಿಂತ ಜಾಸ್ತಿ ಬೇಕಂದ್ರೆ ಅವರ ಡಾಕ್ಟರನ್ನೇ ಕೇಳಲಿ.

ಮಗಳ ಪಾಲನ್ನು ಬೇರೆ ಪಾತ್ರೆಗೆ ಮೊದಲೇ ತೆಗೆದಿಡಿ, ಅದಕ್ಕೆ ಬೇರೆ ಸೌಟು. ಆರಿದರೆ ಗಟ್ಟಿಯಾಗಿ ಗೋಂದಿನ ಹಾಗೆ ಆಗುತ್ತೆ, ಬಡಿಸುವಾಗ ಸ್ವಲ್ಪ ಬಿಸಿ ನೀರು ಬೆರೆಸಿದರೆ ಸಾಕು.