ರಜೆ ಕೇಳುವಾಗ ಕಾಯಿಲೆಯ ಕಥೆ ಹೇಳಬೇಕೆ?

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸ್ತನ ಕ್ಯಾನ್ಸರಿನ ಆಪರೇಷನ್ ಮುಗಿಸಿ ಕೆಲಸಕ್ಕೆ ಮರಳಿದ್ದೀರಿ. ಇನ್ನು ಐದು ವಾರ ರೇಡಿಯೇಷನ್. ‘ಮಷಿನ್ ಕೆಳಗೆ ಹತ್ತು ನಿಮಿಷ ಮಲಗುವುದಕ್ಕೆ ಅರ್ಧ ದಿನ ರಜೆಯೇ? ಕೆಲಸ ಮುಗಿಸಿಕೊಂಡು ಹೋಗಿ’ ಎಂದು ಮ್ಯಾನೇಜರ್ ಎಲ್ಲರೆದುರು ಅಂದರಂತೆ. ವಾರಕ್ಕೆ ಎರಡು ದಿನ ತಪ್ಪಿಸಿದರೆ ನಡೆದೀತೇ, ಅವರಿಗೆ ಹೇಗೆ ಅರ್ಥ ಮಾಡಿಸಲಿ ಎಂದು ಕೇಳಿದ್ದೀರಿ.

ದಯವಿಟ್ಟು ತಪ್ಪಿಸಬೇಡಿ. ಒಟ್ಟು ಡೋಸನ್ನು ಸಣ್ಣ ಸಣ್ಣ ಪಾಲು ಮಾಡಿ, ಸಾಮಾನ್ಯವಾಗಿ ವಾರಕ್ಕೆ ಐದು ದಿನ ಕೊಡುವುದಕ್ಕೆ ಕಾರಣವಿದೆ. ಪಾಲು ಮಾಡಿ ಕೊಟ್ಟಾಗ ಆರೋಗ್ಯವಂತ ಜೀವಕೋಶಗಳಿಗೆ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ. ನಡುವೆ ಬೇಕಾಬಿಟ್ಟಿ ಬಿಡುವು ಬಿದ್ದರೆ ಉಳಿದ ಕ್ಯಾನ್ಸರ್ ಕೋಶಗಳಿಗೂ ಅದೇ ಅವಕಾಶ. ಒಂದು ದಿನ ಹೋಗಲು ಸಾಧ್ಯವೇ ಆಗದಿದ್ದರೆ ವೈದ್ಯರಿಗೆ ತಿಳಿಸಿ, ಅದನ್ನು ಹೇಗೆ ಸರಿದೂಗಿಸಬೇಕೆಂದು ಅವರು ನೋಡುತ್ತಾರೆ. ಆ ತೀರ್ಮಾನ ಆಫೀಸಿನಲ್ಲಿ ಆಗತಕ್ಕದ್ದಲ್ಲ.

ಹತ್ತು ನಿಮಿಷದ ಮಾತೂ ಅಷ್ಟೆ. ಕಿರಣ ಬೀಳುವುದು ಕೆಲವೇ ನಿಮಿಷ, ನಿಜ. ಆದರೆ ಪ್ರತಿ ದಿನವೂ ಮೈಯನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಅದೇ ಭಂಗಿಯಲ್ಲಿ ಹೊಂದಿಸಿ ಮಲಗಿಸಬೇಕು. ಬಟ್ಟೆ ಬದಲಿಸುವುದು, ಸರದಿ ಕಾಯುವುದು, ಹೋಗಿಬರುವುದು ಬೇರೆ. ಬೆಳಗಿನ ಮೊದಲ ಸರದಿಯೋ ಸಂಜೆಯ ಕೊನೆಯದೋ ಸಿಕ್ಕೀತೇ ಎಂದು ಆಸ್ಪತ್ರೆಯಲ್ಲಿ ಕೇಳಿ ನೋಡಿ. ಸಿಗದಿದ್ದರೆ ಅದು ನಿಮ್ಮ ತಪ್ಪಲ್ಲ. ಇನ್ನೊಂದು ವಿಷಯ: ರೇಡಿಯೇಷನ್ನಿನ ಸುಸ್ತು ಸಾಮಾನ್ಯವಾಗಿ ಮೊದಲ ವಾರಕ್ಕಿಂತ ಕೊನೆಯ ವಾರಗಳಲ್ಲಿ ಹೆಚ್ಚು. ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ಉಳಿಯಬಹುದು. ಐದನೇ ವಾರದ ಶುಕ್ರವಾರಕ್ಕೆ ರಜೆಯ ಲೆಕ್ಕ ಮುಗಿಸಬೇಡಿ. ಆಮೇಲಿನ ದಿನಗಳಿಗೂ ಕೆಲಸದ ಹೊರೆ ಕಡಿಮೆ ಇರಲಿ ಎಂದು ಈಗಲೇ ಕೇಳಿಕೊಳ್ಳಿ.

ಇನ್ನು ಅರ್ಥ ಮಾಡಿಸುವ ಮಾತು. ಒಂದು ಸಂಗತಿ ಹೇಳುತ್ತೇನೆ. ಹಿಂದೆ ನಾನು ಬೇರೊಂದು ಕಡೆ ಏಳು ಜನರ ಕೆಲಸ ನೋಡಿಕೊಳ್ಳುತ್ತಿದ್ದೆ. ಅವರಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ‘ಇನ್ನೂ ಎಷ್ಟು ತಿಂಗಳು ಹೀಗೆ?’ ಎಂದು ಒಂದು ದಿನ ಅವರನ್ನು ಕೇಳಿಬಿಟ್ಟೆ. ಅವರು ಉತ್ತರ ಕೊಡಲಿಲ್ಲ. ಆ ಮುಖ ಇವತ್ತಿಗೂ ನನ್ನ ಕಣ್ಣಮುಂದಿದೆ. ನನ್ನನ್ನು ಕಾಡುತ್ತಿದ್ದದ್ದು ಯಾರು ಯಾವ ದಿನ ಇರುತ್ತಾರೋ ತಿಳಿಯದ ದಿಗಿಲು. ಮರುವಾರ ಅವರು ಮೂರು ತಿಂಗಳ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ತಂದುಕೊಟ್ಟರು. ಅವರ ಸಂಕಟ ನನಗೆ ಅರ್ಥವಾದದ್ದು ಬಹಳ ತಡವಾಗಿ. ರಜೆ ಮಾತ್ರ ಅಂದೇ ಮಂಜೂರಾಯಿತು.

ಆದ್ದರಿಂದ ಮರುಕ ಹುಟ್ಟಿಸುವ ಭಾರ ನೀವು ಹೊರಬೇಡಿ. ಚಿಕಿತ್ಸೆಯ ದಿನಾಂಕ, ಹೊರಡುವ ಮತ್ತು ಮರಳುವ ಹೊತ್ತು, ನೀವಿಲ್ಲದಾಗ ಯಾವ ಕೆಲಸ ಯಾರ ಕೈಯಲ್ಲಿ, ಇಷ್ಟನ್ನು ಇಮೇಲಿನಲ್ಲಿ ಬರೆದು ಎಚ್‌ಆರ್‌ಗೂ ಪ್ರತಿ ಕಳಿಸಿ. ವೈದ್ಯರ ಸರ್ಟಿಫಿಕೇಟಿನಲ್ಲಿ ಎಷ್ಟು ದಿನ, ಯಾವ ಕೆಲಸ ಕಷ್ಟ ಎಂಬುದಿದ್ದರೆ ಹಲವು ಕಡೆ ಸಾಕಾಗುತ್ತದೆ. ಎಲ್ಲರೆದುರು ಕೇಳಿದರೆ ‘ಇದನ್ನು ನಿಮ್ಮ ಹತ್ತಿರ ಪ್ರತ್ಯೇಕವಾಗಿ ಮಾತಾಡುತ್ತೇನೆ’ ಎನ್ನಿ. ಬಾಯಿಮಾತಿನಲ್ಲಿ ಏನೇ ಅಂದರೂ ಅದೇ ಸಂಜೆ ‘ಇಂದು ನೀವು ಹೇಳಿದ್ದು ಹೀಗೆ’ ಎಂದು ಬರೆದು ಕಳಿಸಿ.

ಕೆಲಸ ಹೋದೀತೆಂಬ ಭಯವನ್ನೂ ತೋಡಿಕೊಂಡಿದ್ದೀರಿ. ಕಾಯಿಲೆಯಿಂದ ತಾತ್ಕಾಲಿಕವಾಗಿ ಗೈರಾಗುವುದು ಕೆಲಸದಿಂದ ತೆಗೆಯಲು ಸರಿಯಾದ ಕಾರಣವಲ್ಲ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1982ರ 158ನೇ ಒಪ್ಪಂದ ಹೇಳುತ್ತದೆ. ಅದು ಕಟ್ಟುಪಾಡಾಗುವುದು ಅದನ್ನು ಒಪ್ಪಿ ಅನುಮೋದಿಸಿದ ದೇಶಗಳಿಗಷ್ಟೇ. ಹಾಗಾಗಿ ನಿಮ್ಮ ನೇಮಕಾತಿ ಪತ್ರ, ರಜಾ ನಿಯಮಗಳನ್ನು ಈ ವಾರವೇ ತೆಗೆದು ಓದಿ. ಯೂನಿಯನ್ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಕಾರ್ಮಿಕ ಕಾನೂನು ಬಲ್ಲ ವಕೀಲರ ಬಳಿಗೆ ಹೋಗಿ. ಹೆದರಿಕೆಯಲ್ಲಿ ರಾಜೀನಾಮೆ ಮಾತ್ರ ಬರೆಯಬೇಡಿ.

ನೀವು ಲಗತ್ತಿಸಿದ ರಜಾ ಅರ್ಜಿಯ ಕರಡನ್ನೂ ಓದಿದೆ. ಅದರಲ್ಲಿ ‘ಕ್ಷಮಿಸಿ’ ಎಂಬ ಮಾತು ನಾಲ್ಕು ಕಡೆ ಇದೆ. ನಾಲ್ಕನ್ನೂ ಹೊಡೆದುಹಾಕಿದ್ದೇನೆ. ಉಳಿದದ್ದೆಲ್ಲ ಸರಿಯಾಗಿದೆ, ಹಾಗೇ ಕಳಿಸಿ.

— ಸಂಪಾದಕ