ಮಕ್ಕಳ ಕೋಡನ್ನು ಗಿಟ್‌ಹಬ್‌ನಲ್ಲಿ ಇಡಬಹುದಾ?

ಹಾವೇರಿ ಕಡೆಯ ಡಿಪ್ಲೊಮಾ ಕಾಲೇಜೊಂದರ ಕಂಪ್ಯೂಟರ್ ಉಪನ್ಯಾಸಕಿಯೊಬ್ಬರು ಕೇಳಿದ್ದಾರೆ: “ಕೊನೆ ವರ್ಷದ ಮಕ್ಕಳು ಪ್ರಾಜೆಕ್ಟ್ ಕೋಡನ್ನೆಲ್ಲ ಗಿಟ್‌ಹಬ್‌ನಲ್ಲೇ ಇಡುತ್ತೇವೆ ಅನ್ನುತ್ತಾರೆ. ಅದು ಮೈಕ್ರೋಸಾಫ್ಟ್‌ನದು, ಕೋಡ್ ಕದಿಯುತ್ತಾರೆ, ನಾಳೆ ಮುಚ್ಚಿದರೆ ಎಲ್ಲ ಹೋಯಿತು ಎಂದು ಜೊತೆಯವರು ಹೆದರಿಸುತ್ತಾರೆ. ಏನು ಮಾಡಲಿ?”

ಪ್ರಿಯ ಮೇಡಂ,

ಇಡಲಿ ಬಿಡಿ. ಆದರೆ ಗಿಟ್ ಬೇರೆ, ಗಿಟ್‌ಹಬ್ ಬೇರೆ ಅನ್ನುವುದನ್ನು ಅವರಿಗೆ ಮೊದಲ ದಿನವೇ ಹೇಳಿ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ಗಿಟ್ ಎನ್ನುವುದು ಕೋಡ್‌ನಲ್ಲಿ ಆಗುವ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಆ ಲಿನಕ್ಸ್ ಕೆಲಸಕ್ಕೆಂದೇ ಇದನ್ನು ಬರೆದರು. ಅಲ್ಲಿಯವರೆಗೆ ಅವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಇಂಥದ್ದೇ ತಂತ್ರಾಂಶ ಪುಕ್ಕಟೆಯಾಗಿ ಸಿಗುವುದು ನಿಂತುಹೋಗಿತ್ತು. ಗಿಟ್‌ನಲ್ಲಿ ಒಂದು ರೆಪೊವನ್ನು, ಅಂದರೆ ಒಂದು ಪ್ರಾಜೆಕ್ಟಿನ ಕಡತಗಳ ಕಟ್ಟನ್ನು, ಕ್ಲೋನ್ (ನಕಲು) ಮಾಡಿಕೊಂಡರೆ ಇವತ್ತಿನ ಕೋಡ್ ಜೊತೆಗೆ ಮೊದಲ ದಿನದಿಂದ ಆದ ಬದಲಾವಣೆಗಳ ಪೂರ್ತಿ ಚರಿತ್ರೆ ನಿಮ್ಮ ಕಂಪ್ಯೂಟರಿಗೆ ಬರುತ್ತದೆ. ಗಿಟ್‌ಹಬ್ 2008ರಲ್ಲಿ ಶುರುವಾದ ತಾಣ. ಇಂಥ ರೆಪೊಗಳಿಗೆ ಜಾಗ ಕೊಡುತ್ತದೆ. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರಿಗೆ ಕೊಂಡಿತು.

ಮುಚ್ಚುವ ಭಯ ಸುಮ್ನೆ ಹುಟ್ಟಿದ್ದಲ್ಲ. ಇಂಥದ್ದೇ ತಾಣವಾಗಿದ್ದ ಗೂಗಲ್ ಕೋಡ್ 2016ರ ಜನವರಿಯಲ್ಲಿ ಬಾಗಿಲು ಹಾಕಿತು. 2014ರ ಡಿಸೆಂಬರ್ ಕೊನೆಯಲ್ಲಿ ನಮ್ಮ ದೇಶದಲ್ಲಿ 32 ತಾಣಗಳನ್ನು ತಡೆದಾಗ ಅದರಲ್ಲಿ ಗಿಟ್‌ಹಬ್ ಕೂಡ ಇತ್ತು. ಆಮೇಲೆ ತೆರೆದರು, ನಿಜ. 2019ರಲ್ಲಿ ಅಮೆರಿಕದ ನಿರ್ಬಂಧದ ಕಾರಣಕ್ಕೆ ಇರಾನ್, ಸಿರಿಯಾ, ಕ್ರೈಮಿಯಾದ ಎಷ್ಟೋ ಜನರಿಗೆ ತಮ್ಮದೇ ಖಾಸಗಿ ರೆಪೊಗಳು ಕೈಗೆ ಸಿಗದಾದವು. ಇಂಥ ಹೊತ್ತಿನಲ್ಲಿ ಕ್ಲೋನ್ ಇಟ್ಟುಕೊಂಡವರ ಕೋಡ್ ಎಲ್ಲೂ ಹೋಗುವುದಿಲ್ಲ. ಆದರೆ ಇಶ್ಯೂಗಳು (ತಪ್ಪು, ಸಲಹೆಗಳ ಬಗ್ಗೆ ಬರೆದ ಟಿಪ್ಪಣಿಗಳು), ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕೆಳಗೆ ನಡೆದ ಚರ್ಚೆ, ‘ಇದನ್ನು ಹೀಗೇಕೆ ಮಾಡಿದೆವು’ ಎಂಬ ಮಾತುಕತೆ ಕ್ಲೋನ್ ಜೊತೆ ಬರುವುದಿಲ್ಲ. ಅವು ತಾಣದಲ್ಲೇ ಉಳಿಯುತ್ತವೆ. ಗಿಟ್‌ಹಬ್‌ನ ದೊಡ್ಡ ತೊಡಕು ನನಗೆ ಕಾಣುವುದು ಇಲ್ಲೇ. ಅದಕ್ಕೇ ಮುಖ್ಯ ತೀರ್ಮಾನಗಳನ್ನು ರೆಪೊ ಒಳಗೇ ಒಂದು ಕಡತದಲ್ಲಿ ಬರೆದಿಡುವ ಅಭ್ಯಾಸ ಮಾಡಿಸಿ.

ಇಷ್ಟಾದರೂ ಇಡಲಿ ಅನ್ನುವುದೇಕೆ? ನಿಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ನೋಟೊ ಕನ್ನಡ ಫಾಂಟಿನಲ್ಲಿ ಒತ್ತಕ್ಷರವೊಂದು ಸರಿಯಾಗಿ ಕೂತಿಲ್ಲ ಅನ್ನಿಸಿತು ಅಂದುಕೊಳ್ಳಿ. ಆ ಫಾಂಟಿನ ರೆಪೊ ಗಿಟ್‌ಹಬ್‌ನಲ್ಲಿದೆ. ಅವಳು ಹೋಗಿ ಇಶ್ಯೂ ಬರೆಯಬಹುದು. ತಿದ್ದಲು ಬಂದರೆ ಫೋರ್ಕ್ ಮಾಡಿ (ತನ್ನ ಖಾತೆಗೆ ಅದರ ಪ್ರತಿ ತೆಗೆದುಕೊಂಡು), ತಿದ್ದಿ, ಪುಲ್ ರಿಕ್ವೆಸ್ಟ್ ಕಳಿಸಬಹುದು. ಅದನ್ನು ನೋಡುವವರು ಅವಳ ಕಾಲೇಜು ಯಾವುದು ಎಂದು ಕೇಳುವುದಿಲ್ಲ. ತಿದ್ದಿದ ಸಾಲುಗಳನ್ನು ನೋಡುತ್ತಾರೆ, ‘ಈ ಸಾಲು ಯಾಕೆ?’ ಅನ್ನುತ್ತಾರೆ, ಅವಳು ಉತ್ತರ ಕೊಡಬೇಕು. ಬೇರೆಯವರು ಬರೆದ ಕೋಡ್ ಓದಿ, ತನ್ನದನ್ನು ವಿವರಿಸುವ ಈ ಕಲಿಕೆ ಲ್ಯಾಬ್ ರೆಕಾರ್ಡ್ ಬರೆಸುವುದರಿಂದ ಬರುವುದಿಲ್ಲ, ಅಲ್ವಾ? ಸಣ್ಣ ಊರಿನ ಮಕ್ಕಳಿಗೆ ಈ ಬಾಗಿಲು ತೆರೆದಿರುವುದು ನನಗೆ ತುಂಬಾ ದೊಡ್ಡ ವಿಷಯ.

ಕದಿಯುವ ಮಾತಿಗೆ ಬರುತ್ತೇನೆ. ಸಾರ್ವಜನಿಕ ರೆಪೊವನ್ನು ಯಾರು ಬೇಕಾದರೂ ನೋಡಬಹುದು. ಬೇಡವೆಂದರೆ ಖಾಸಗಿಯಾಗಿಡಿ. 2020ರಿಂದ ಅದಕ್ಕೆ ದುಡ್ಡಿಲ್ಲ, ಎಷ್ಟು ಜನರನ್ನಾದರೂ ಸೇರಿಸಿಕೊಳ್ಳಬಹುದು. ಕೋಪೈಲಟ್ ಎಂಬ ಎಐ ಸಹಾಯಕವನ್ನು ಸಾರ್ವಜನಿಕ ಕೋಡ್ ಮೇಲೆ ತರಬೇತಿ ಮಾಡಿದ್ದಕ್ಕೆ 2022ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. ಬರೆದವರನ್ನು ಕೇಳಬೇಕಿತ್ತು ಅನ್ನುವ ಅವರ ಕೋಪ ನ್ಯಾಯವಾದದ್ದೇ. ಹಾಗಾಗಿ ನಿಜವಾದ ಅಂಗಡಿಗೋ ಆಸ್ಪತ್ರೆಗೋ ಮಾಡಿಕೊಡುವ ಕೆಲಸವಾದರೆ ಸಾರ್ವಜನಿಕವಾಗಿ ಇಡಬೇಡಿ.

ಕಳ್ಳತನಕ್ಕಿಂತ ನಾನು ಜಾಸ್ತಿ ಹೆದರುವುದು ಪಾಸ್‌ವರ್ಡ್‌ಗೆ. ಒಮ್ಮೆ ನಮ್ಮ ಕಚೇರಿಯಲ್ಲೇ ಡೇಟಾಬೇಸ್ ಪಾಸ್‌ವರ್ಡ್ ಇದ್ದ ಕಡತ ಪುಶ್ ಆಗಿಬಿಟ್ಟಿತು, ಅಂದರೆ ತಾಣಕ್ಕೆ ಹೋಗಿಬಿಟ್ಟಿತು. ಮುಂದಿನ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಿಸುವ ಒಂದೊಂದು ಬದಲಾವಣೆ) ಅಳಿಸಿ, ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ. ಹಳೇ ಕಮಿಟ್ ತೆರೆದರೆ ಪಾಸ್‌ವರ್ಡ್ ಹಾಗೇ ಇತ್ತು. ಗಿಟ್ ಚರಿತ್ರೆ ಮರೆಯುವುದಿಲ್ಲ. ಹೀಗಾದಾಗ ಮೊದಲು ಪಾಸ್‌ವರ್ಡ್ ಬದಲಾಯಿಸಬೇಕು, ಅಳಿಸುವುದೆಲ್ಲ ಆಮೇಲೆ.

ಲ್ಯಾಬಿನಲ್ಲಿ ಬರುವ ಎರಡು ತೊಂದರೆಗಳು: 2021ರ ಆಗಸ್ಟ್‌ನಿಂದ ಪುಶ್ ಮಾಡಲು ಖಾತೆಯ ಪಾಸ್‌ವರ್ಡ್ ನಡೆಯುವುದಿಲ್ಲ, ಅದರ ಬದಲು ಟೋಕನ್ (ತಾಣ ಕೊಡುವ ಉದ್ದನೆಯ ಗುಟ್ಟಿನ ಸಂಕೇತ) ಅಥವಾ ಎಸ್‌ಎಸ್‌ಎಚ್ ಕೀ (ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಕೀಲಿ ಕಡತ) ಬೇಕು. 100 ಎಂಬಿ ಮೀರಿದ ಕಡತವನ್ನು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಡೆಮೊ ವಿಡಿಯೊ ಹಾಕಲು ಹೋಗಬೇಡಿ.

ಇನ್ನೊಂದು ಕೋರಿಕೆ. ಯಾವ ದಿನ ಎಷ್ಟು ಕೆಲಸ ಆಯಿತೆಂದು ತೋರಿಸುವ ಪ್ರೊಫೈಲ್‌ನ ಹಸಿರು ಚೌಕಗಳನ್ನು ನೋಡಿ ಅಂಕ ಕೊಡಬೇಡಿ. ಚೌಕ ತುಂಬಲೆಂದೇ ದಿನಕ್ಕೊಂದು ಖಾಲಿ ಸಾಲು ಸೇರಿಸುವ ಮಕ್ಕಳನ್ನು ನೋಡಿದ್ದೇನೆ. ಬೇಜಾರಾಗುತ್ತದೆ.

ಜೊತೆಯವರ ಆತಂಕಕ್ಕೆ ಸುಲಭದ ದಾರಿ ಇದೆ. ಸೆಮಿಸ್ಟರ್ ಕೊನೆಯಲ್ಲಿ ಎಲ್ಲ ರೆಪೊಗಳ ಕ್ಲೋನನ್ನು ವಿಭಾಗದ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಇನ್ನೊಂದು ಪ್ರತಿಯನ್ನು ಬೇರೆ ಕಡೆಯೂ ಇಡಬಹುದು. ಮುಕ್ತ ತಂತ್ರಾಂಶವಾದರೆ ಬರ್ಲಿನ್‌ನ ಲಾಭರಹಿತ ಸಂಸ್ಥೆಯೊಂದು ನಡೆಸುವ ಕೋಡ್‌ಬರ್ಗ್ ಇದೆ. ಕಾಲೇಜಿನಲ್ಲಿ ಸರ್ವರ್ ಇದ್ದರೆ ಗಿಟ್‌ಹಬ್‌ನಂಥದ್ದೇ ಆದ ಗಿಟ್‌ಲ್ಯಾಬ್‌ನ ಪುಕ್ಕಟೆ ಆವೃತ್ತಿ ಹಾಕಿಕೊಳ್ಳಬಹುದು. ಮತ್ತೆ, ಮಕ್ಕಳು ಕಾಲೇಜಿನ ಮೇಲ್ ವಿಳಾಸದಲ್ಲಿ ಖಾತೆ ತೆರೆದಿದ್ದರೆ, ಪರೀಕ್ಷೆ ಮುಗಿಯುವ ಮುಂಚೆಯೇ ಸ್ವಂತ ಮೇಲ್ ಸೇರಿಸಿಕೊಳ್ಳಲು ಹೇಳಿ.

— ಸಂಪಾದಕ